ಲಡ್ಲೋ: ಸಂತೆ ಬಿಡದ ಇಂಗ್ಲಿಷ್ ಊರು – ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಥವಾ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬಂದವರು ಲಂಡನ್, ಆಕ್ಸ್‌ಫರ್ಡ್ ಸುತ್ತಿ ಮುಗಿಸಿದ ಮೇಲೆ 'ಒಂದು ಚಿಕ್ಕ ಊರು ಹೇಳಿ, ಆರಾಮವಾಗಿ ನೋಡೋ ಹಾಗಿರಲಿ' ಎನ್ನುತ್ತಾರೆ. ನಾನು ಲಡ್ಲೋ ಹೆಸರು ಹೇಳುತ್ತೇನೆ. ಆಮೇಲೆ ಪ್ರಶ್ನೆಗಳು ಶುರು. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲು ಸುಲಭದವು. ಇತಿಹಾಸದ ಆಸೆ ಇರುವವರಿಗೆ ಮುಂದೆ ಜಾಸ್ತಿ ಸಿಗುತ್ತದೆ.

## ಹೊರಡುವ ಮೊದಲು

ಲಡ್ಲೋ ಎಲ್ಲಿದೆ? ಲಂಡನ್ ಹತ್ರಾನಾ?

ಹತ್ತಿರವಿಲ್ಲ. ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಯ ಪಕ್ಕದಲ್ಲಿ ಶ್ರಾಪ್‌ಶೈರ್ ಎಂಬ ಜಿಲ್ಲೆ ಇದೆ. ಅದರ ದಕ್ಷಿಣ ಭಾಗದಲ್ಲಿ ಈ ಊರು. ಟೀಮ್ ಎಂಬ ನದಿ ಊರನ್ನು ಎರಡು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಕೋಟೆಯೂ ಚರ್ಚೂ ಗುಡ್ಡದ ಮೇಲೆ. ಅಲ್ಲಿಂದ ಬೀದಿಗಳು ನದಿಯ ಕಡೆಗೆ ಇಳಿಯುತ್ತವೆ. ಜನಸಂಖ್ಯೆ ಹತ್ತು ಹನ್ನೊಂದು ಸಾವಿರದ ಆಸುಪಾಸು, ಅಂದರೆ ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಊರಿನಷ್ಟು.

ಕಾರ್ ಇಲ್ಲದೆ ಹೋಗೋಕೆ ಆಗುತ್ತಾ?

ಖಂಡಿತ ಆಗುತ್ತದೆ. 1852ರಲ್ಲೇ ಇಲ್ಲಿಗೆ ರೈಲು ಬಂತು, ಇವತ್ತಿಗೂ ಓಡುತ್ತಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಎಷ್ಟೋ ಚಿಕ್ಕ ಊರುಗಳ ಸ್ಟೇಷನ್ ಮುಚ್ಚಿ ಹೋದವು. ಲಡ್ಲೋ ಮುಖ್ಯ ಮಾರ್ಗದ ಮೇಲಿದ್ದದ್ದರಿಂದ ಉಳಿಯಿತು. ಮ್ಯಾಂಚೆಸ್ಟರ್ ಮತ್ತು ಕಾರ್ಡಿಫ್ ನಡುವಿನ ರೈಲುಗಳು ಇಲ್ಲಿ ನಿಲ್ಲುತ್ತವೆ. ಶ್ರೂಸ್‌ಬರಿಯಿಂದಲೂ ಹೆರೆಫರ್ಡ್‌ನಿಂದಲೂ ಅರ್ಧ ಗಂಟೆಯ ದಾರಿ. ಲಂಡನ್ನಿಂದ ಬರುವವರು ನಡುವೆ ರೈಲು ಬದಲಿಸಬೇಕು, ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ. ಹಾಗಾಗಿ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಸ್ಟೇಷನ್ನಿನಿಂದ ಪೇಟೆಗೆ ನಡೆದೇ ಹೋಗಬಹುದು, ಸ್ವಲ್ಪ ಏರು ಅಷ್ಟೇ.

ಸಂತೆ ಈಗಲೂ ನಡೆಯುತ್ತಾ? ಯಾವ ದಿನ ಹೋದರೆ ಸರಿ?

ನಡೆಯುತ್ತದೆ, ಅದೂ ವಾರಕ್ಕೆ ಹಲವು ದಿನ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಕೋಟೆ ಬಾಗಿಲ ಮುಂದಿನ ಚೌಕದಲ್ಲಿ ಅಂಗಡಿಗಳು ಏಳುತ್ತವೆ. ತಿಂಗಳಲ್ಲಿ ಕೆಲವು ಗುರುವಾರ ಸುತ್ತಮುತ್ತಲಿನ ರೈತರು ತಮ್ಮದೇ ಬೆಳೆ, ಚೀಸ್, ಬ್ರೆಡ್ ತಂದು ಮಾರುತ್ತಾರೆ. ಕೆಲವು ಭಾನುವಾರ ಹಳೆಯ ಸಾಮಾನುಗಳ ಸಂತೆ ಇರುತ್ತದೆ. ನನ್ನನ್ನು ಕೇಳಿದರೆ ಶುಕ್ರವಾರ ಬೆಳಿಗ್ಗೆ ಬನ್ನಿ. ಶನಿವಾರ ಹೊರಗಿನವರೇ ಜಾಸ್ತಿ. ಶುಕ್ರವಾರ ಊರಿನವರು ಚೀಲ ಹಿಡಿದು ಬಂದು, ತರಕಾರಿಯವನ ಜೊತೆ ಮಳೆಯ ಬಗ್ಗೆ ಮಾತಾಡುತ್ತಾ ನಿಲ್ಲುತ್ತಾರೆ. ಸಂಜೆಗೆ ಬಂದರೆ ಸಂತೆ ಮುಗಿದಿರುತ್ತದೆ, ಅದನ್ನು ಮರೆಯಬೇಡಿ.

ನಾವು ಸಸ್ಯಾಹಾರಿಗಳು. ತಿನ್ನೋಕೆ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಬೇಕರಿಯ ಬ್ರೆಡ್, ಸುತ್ತಲಿನ ಡೈರಿಗಳ ಚೀಸ್, ಸೇಬು, ಪಿಯರ್ ಹಣ್ಣು, ಜೇನು. ಚೀಸ್ ಕೊಳ್ಳುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿದ್ದಾರಾ ಎಂದು ಕೇಳಿ. ಸಂಕೋಚ ಬೇಡ, ಅವರಿಗೆ ಈ ಪ್ರಶ್ನೆ ಹೊಸದಲ್ಲ. 'ಶ್ರಾಪ್‌ಶೈರ್ ಬ್ಲೂ' ಎಂಬ ಚೀಸ್ ಈ ಜಿಲ್ಲೆಯದ್ದೇ ಅಂದುಕೊಂಡು ಕೊಳ್ಳುವವರಿದ್ದಾರೆ. ಅದು ಮೊದಲು ತಯಾರಾದದ್ದು ಸ್ಕಾಟ್ಲೆಂಡಿನಲ್ಲಿ. 'ಫಿಜೆಟ್ ಪೈ' ಇಲ್ಲಿಯ ನಿಜವಾದ ಹಳೆ ತಿಂಡಿ, ಆದರೆ ಅದರಲ್ಲಿ ಸೇಬು, ಈರುಳ್ಳಿಯ ಜೊತೆ ಹಂದಿ ಮಾಂಸವೂ ಇರುತ್ತದೆ.

1995ರಲ್ಲಿ ಊರಿನವರೇ ಸೇರಿ ಕೋಟೆಯೊಳಗೆ ಆಹಾರ ಹಬ್ಬ ಶುರು ಮಾಡಿದರು. ಅದು ಸೆಪ್ಟೆಂಬರ್ ತಿಂಗಳ ದೊಡ್ಡ ಜಾತ್ರೆ. 2000ದ ಆಸುಪಾಸಿನಲ್ಲಿ ಇಷ್ಟು ಚಿಕ್ಕ ಊರಿನಲ್ಲಿ ಒಳ್ಳೆಯ ಅಡುಗೆಗೆ ಕೊಡುವ ಮಿಶೆಲಿನ್ ಸ್ಟಾರ್ ಎಂಬ ಗೌರವ ಪಡೆದ ಹೋಟೆಲುಗಳು ಮೂರಿದ್ದವು. ಈಗ ಆ ಮೂರೂ ಇಲ್ಲ. ಆದರೆ ಊಟದ ಊರು ಎಂಬ ಹೆಸರು ನಿಂತಿದೆ.

## ಊರು ಬೆಳೆದ ಬಗೆ

'ಮಾರ್ಕೆಟ್ ಟೌನ್' ಅಂತಾರಲ್ಲ, ಸುಮ್ನೆ ಸಂತೆ ಇದ್ರೆ ಸಾಕಾ?

ಇವತ್ತು ಯಾರು ಬೇಕಾದರೂ ಆ ಹೆಸರು ಹಾಕಿಕೊಳ್ಳುತ್ತಾರೆ. ಮಧ್ಯಯುಗದಲ್ಲಿ ಹಾಗಿರಲಿಲ್ಲ. ಸಂತೆ ನಡೆಸುವುದು ಒಂದು ಹಕ್ಕು. ಅದನ್ನು ಕೊಡುವವನು ರಾಜ, ಪಡೆಯುವವನು ಜಮೀನಿನ ಒಡೆಯ. ಸಂತೆಗೆ ಬಂದವರಿಂದ ಸುಂಕ, ಅಂಗಡಿಯ ಜಾಗಕ್ಕೆ ಬಾಡಿಗೆ, ತೂಕದಲ್ಲಿ ಮೋಸ ಮಾಡಿದವರಿಂದ ದಂಡ – ಎಲ್ಲ ಒಡೆಯನಿಗೆ.

ಎರಡು ಸಂತೆಗಳ ನಡುವೆ ಎಷ್ಟು ದೂರ ಇರಬೇಕು ಎಂಬುದಕ್ಕೂ ಆಗಿನ ಕಾನೂನು ಬಲ್ಲವರ ಬಳಿ ಒಂದು ಲೆಕ್ಕವಿತ್ತು. ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ. ದಿನವನ್ನು ಮೂರು ಪಾಲು ಮಾಡಿ. ಒಂದು ಪಾಲು ಸಂತೆಗೆ ಹೋಗಲು, ಒಂದು ಕೊಂಡು ಮಾರಲು, ಒಂದು ಕತ್ತಲಾಗುವ ಮೊದಲು ಮನೆ ಸೇರಲು. ಹಾಗಾಗಿ 20 ಮೈಲಿಯ ಮೂರನೇ ಒಂದು ಪಾಲಿಗಿಂತ, ಅಂದರೆ ಸುಮಾರು 11 ಕಿಲೋಮೀಟರಿಗಿಂತ, ಹತ್ತಿರದಲ್ಲಿ ಹೊಸ ಸಂತೆ ಹೂಡಿದರೆ ಹಳೆಯ ಸಂತೆಯವರು ದೂರು ಕೊಡಬಹುದಿತ್ತು. ಇಂಗ್ಲೆಂಡಿನ ಹಳೆಯ ಸಂತೆ ಊರುಗಳು ನಕ್ಷೆಯ ಮೇಲೆ ಹೀಗೆ ಅಳೆದಿಟ್ಟ ಹಾಗೆ ಯಾಕೆ ಕಾಣುತ್ತವೆ ಎಂಬುದಕ್ಕೆ ಈ ಕಾಲ್ನಡಿಗೆಯ ಲೆಕ್ಕವೂ ಒಂದು ಕಾರಣ. ನನಗೆ ತುಂಬಾ ಇಷ್ಟವಾದ ವಿಷಯ ಇದು. ರಾಜನ ಕಾನೂನಿನೊಳಗೆ ರೈತನ ಕಾಲು ಎಷ್ಟು ದೂರ ಹೋಗಬಲ್ಲದು ಎಂಬ ಕಾಳಜಿ ಇದೆ ನೋಡಿ.

ಕೋಟೆ ಮೊದಲಾ, ಊರು ಮೊದಲಾ?

ಕೋಟೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವೇಲ್ಸ್ ಗಡಿ ಕಾಯಲು ಸಾಲಾಗಿ ಕೋಟೆ ಕಟ್ಟಿದರು. ಲಡ್ಲೋ ಕೋಟೆಯನ್ನು ಡಿ ಲೇಸಿ ಮನೆತನದವರು 11ನೇ ಶತಮಾನದ ಕೊನೆಯಲ್ಲಿ ಶುರು ಮಾಡಿದರು. 1086ರಲ್ಲಿ ರಾಜ ಇಡೀ ದೇಶದ ಆಸ್ತಿಪಾಸ್ತಿ ಬರೆಸಿದ. ಡೂಮ್ಸ್‌ಡೇ ಎಂಬ ಆ ಕಡತದಲ್ಲಿ ಲಡ್ಲೋ ಹೆಸರೇ ಇಲ್ಲ. ಊರು ಹುಟ್ಟಿದ್ದು ಅದಾದ ಮೇಲೆ.

ಅದೂ ತಾನಾಗಿ ಬೆಳೆದ ಊರಲ್ಲ, ದಾರ ಹಿಡಿದು ಅಳೆದು ಮಾಡಿದ ಊರು. ಕೋಟೆ ಬಾಗಿಲಿನಿಂದ ಪೂರ್ವಕ್ಕೆ ಗುಡ್ಡದ ಬೆನ್ನಿನ ಮೇಲೆ ಅಗಲವಾದ ಒಂದು ಸಂತೆ ಬೀದಿ. ಅದರಿಂದ ದಕ್ಷಿಣಕ್ಕೆ, ನದಿಯ ಕಡೆಗೆ, ಒಂದಕ್ಕೊಂದು ಸಮನಾಗಿ ಇಳಿಯುವ ಬೀದಿಗಳು. ಬೀದಿಯ ಎರಡೂ ಬದಿಗೆ ಮುಂದೆ ಕಿರಿದು, ಹಿಂದೆ ಉದ್ದ ಇರುವ ನಿವೇಶನಗಳು. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಕೈತೋಟ, ಹಂದಿ ಕೊಟ್ಟಿಗೆ. ಮಿಲ್ ಸ್ಟ್ರೀಟ್, ಬ್ರಾಡ್ ಸ್ಟ್ರೀಟ್ ಇವತ್ತಿಗೂ ಅದೇ ಗೆರೆಯಲ್ಲಿವೆ.

ಆದರೆ ಆ ಅಗಲವಾದ ಸಂತೆ ಬೀದಿ ಎಲ್ಲಿ ಹೋಯಿತು? ಹುಡುಕಿದರೆ ಸಿಗುತ್ತದೆ. ಕೋಟೆಯ ಮುಂದೆ ಚೌಕ ದೊಡ್ಡದಾಗಿದೆ, ಸ್ವಲ್ಪ ಮುಂದೆ ಹೋದರೆ ಒಮ್ಮೆಲೇ ಇಕ್ಕಟ್ಟಾದ ಓಣಿಗಳು. ಮೊದಲು ಅಲ್ಲಿ ಸಂತೆಯ ದಿನ ಮಾತ್ರ ಅಂಗಡಿ ಹಾಕುತ್ತಿದ್ದರು. ಆಮೇಲೆ ಕೆಲವರು ಸಂಜೆ ಅಂಗಡಿ ತೆಗೆಯಲಿಲ್ಲ. ಗೂಟದ ಜಾಗಕ್ಕೆ ಕಂಬ ಬಂತು, ಬಟ್ಟೆಯ ಜಾಗಕ್ಕೆ ಹೆಂಚು ಬಂತು, ಮೇಲೆ ಒಂದು ಮಹಡಿ ಬಂತು. ಹೀಗೆ ಸಂತೆಯ ನಡುವೆಯೇ ಮನೆಗಳ ಸಾಲು ಎದ್ದು ನಿಂತವು. ಹಾರ್ಪ್ ಲೇನ್, ಮಾರ್ಕೆಟ್ ಸ್ಟ್ರೀಟ್‌ನಲ್ಲಿ ನಡೆಯುವಾಗ ನೀವು ನಡೆಯುತ್ತಿರುವುದು ಹಳೆಯ ಸಂತೆ ಅಂಗಡಿಗಳ ಸಾಲುಗಳ ನಡುವೆ. ನಮ್ಮ ಊರುಗಳ ಪೇಟೆ ಬೀದಿ ನೋಡಿದವರಿಗೆ ಇದು ಹೇಗೆ ಆಯಿತು ಅಂತ ವಿವರಿಸಬೇಕಾಗಿಯೇ ಇಲ್ಲ, ಅಲ್ವಾ?

1233ರಿಂದ ಊರಿನ ಸುತ್ತ ಕಲ್ಲಿನ ಗೋಡೆ ಕಟ್ಟಲು ಸುಂಕ ಎತ್ತಿದರು. ಗೋಡೆಗೆ ಏಳು ಬಾಗಿಲು. ಇವತ್ತು ಪೂರ್ತಿ ಉಳಿದಿರುವುದು ಬ್ರಾಡ್ ಸ್ಟ್ರೀಟ್ ಕೆಳಗಿನ ಒಂದೇ ಬಾಗಿಲು. ಅದರ ಮೇಲೆ ಆಮೇಲಿನ ಕಾಲದವರು ಮನೆಯನ್ನೇ ಕಟ್ಟಿಕೊಂಡಿದ್ದಾರೆ. ಕೆಳಗೆ ಕಾರುಗಳು ಒಂದೊಂದಾಗಿ ನುಸುಳಿ ಹೋಗುತ್ತವೆ.

ಇಷ್ಟು ಚಿಕ್ಕ ಊರಲ್ಲಿ ರಾಜಕುಮಾರರು ಯಾಕೆ ಇದ್ರು?

ವೇಲ್ಸ್ ಮತ್ತು ಗಡಿನಾಡನ್ನು ಆಳಲು 1470ರ ದಶಕದಲ್ಲಿ ಒಂದು ಆಡಳಿತ ಮಂಡಳಿ ಹುಟ್ಟಿತು. ಅದರ ನೆಲೆ ಲಡ್ಲೋ ಕೋಟೆ. ಯುವರಾಜನನ್ನು ಅಲ್ಲಿಗೆ ಕಳುಹಿಸಿ, ಅವನ ಹೆಸರಿನಲ್ಲಿ ರಾಜ್ಯಭಾರ ನಡೆಸುತ್ತಿದ್ದರು.

ಅದಕ್ಕೂ ಮೊದಲೇ ಊರು ಒಂದು ದೊಡ್ಡ ಪೆಟ್ಟು ತಿಂದಿತ್ತು. ಗುಲಾಬಿಗಳ ಯುದ್ಧ ಎಂದು ಕರೆಯುವ ದಾಯಾದಿ ಕಲಹದಲ್ಲಿ ಲಡ್ಲೋ ಯಾರ್ಕ್ ದೊರೆ ರಿಚರ್ಡನ ಊರು. 1459ರ ಅಕ್ಟೋಬರ್ 12ರಂದು ಊರ ಹೊರಗಿನ ಲಡ್‌ಫರ್ಡ್ ಸೇತುವೆಯ ಬಳಿ ರಿಚರ್ಡನ ಸೈನ್ಯವೂ ರಾಜನ ಸೈನ್ಯವೂ ಎದುರಾದವು. ರಾತ್ರಿ ರಿಚರ್ಡನ ಕಡೆಯ ಒಂದು ತುಕಡಿ ರಾಜನ ಪಕ್ಷಕ್ಕೆ ಹಾರಿತು. ರಿಚರ್ಡ್ ಐರ್ಲೆಂಡಿಗೆ ಓಡಿದ. ಹೆಂಡತಿ ಸಿಸಿಲಿ ಮತ್ತು ಚಿಕ್ಕ ಮಕ್ಕಳು ಊರಲ್ಲೇ ಉಳಿದರು. ಗೆದ್ದ ಸೈನಿಕರು ಊರನ್ನು ಸೂರೆ ಹೊಡೆದರು. ಎರಡು ವರ್ಷದೊಳಗೆ ರಿಚರ್ಡನ ಮಗ ನಾಲ್ಕನೇ ಎಡ್ವರ್ಡ್ ರಾಜನಾದ. ತನ್ನ ಊರಿಗೆ 1461ರಲ್ಲಿ ಸ್ವಂತ ಆಡಳಿತದ ಹಕ್ಕುಪತ್ರ ಕೊಟ್ಟ.

ಅವನ ಮಗನೂ ಎಡ್ವರ್ಡ್. ಎರಡು ವರ್ಷ ದಾಟಿದ ಕೂಸನ್ನು 1473ರಲ್ಲಿ ಲಡ್ಲೋಗೆ ಕಳುಹಿಸಿದರು. ಹುಡುಗ ಬೆಳೆದದ್ದು ಇಲ್ಲೇ. 1483ರ ಏಪ್ರಿಲ್‌ನಲ್ಲಿ ಅಪ್ಪ ಸತ್ತ ಸುದ್ದಿ ಬಂದಾಗ ಅವನಿಗೆ 12 ವರ್ಷ. ಇಲ್ಲಿಂದಲೇ ಐದನೇ ಎಡ್ವರ್ಡ್ ಆಗಿ ಲಂಡನ್ನಿಗೆ ಹೊರಟ. ಲಂಡನ್ ಟವರಿನೊಳಗೆ ಹೋದ ಅವನನ್ನೂ ತಮ್ಮನನ್ನೂ ಆ ವರ್ಷದ ಬೇಸಿಗೆಯ ನಂತರ ಯಾರೂ ಕಾಣಲಿಲ್ಲ.

ಮುಂದಿನ ಯುವರಾಜ ಆರ್ಥರ್. 1501ರ ನವೆಂಬರ್‌ನಲ್ಲಿ ಸ್ಪೇನಿನ ರಾಜಕುಮಾರಿ ಕ್ಯಾಥರೀನಳ ಜೊತೆ ಮದುವೆಯಾಗಿ ಲಡ್ಲೋಗೆ ಬಂದ. 1502ರ ಏಪ್ರಿಲ್ 2ರಂದು ಈ ಕೋಟೆಯಲ್ಲೇ ತೀರಿಕೊಂಡ, ಇನ್ನೂ 15ರ ಹುಡುಗ. ವಿಧವೆ ಕ್ಯಾಥರೀನ್ ಮುಂದೆ ಅವನ ತಮ್ಮ ಎಂಟನೇ ಹೆನ್ರಿಯನ್ನು ಮದುವೆಯಾದಳು. ಆ ಮದುವೆ ಮುರಿಯಲು ಹೋಗಿ ಹೆನ್ರಿ ರೋಮಿನ ಪೋಪನ ಜೊತೆಗಿನ ನಂಟನ್ನೇ ಕಡಿದ. ಇಂಗ್ಲೆಂಡಿನ ಧರ್ಮವೇ ಬದಲಾಯಿತು. ಆ ಕಥೆಯ ಮೊದಲ ಸಾವು ನಡೆದದ್ದು ಈ ಗುಡ್ಡದ ಮೇಲೆ.

ಚರ್ಚ್ ಇಷ್ಟು ದೊಡ್ಡದು ಯಾಕೆ?

ವ್ಯಾಪಾರದ ದುಡ್ಡು, ಸಾವಿನ ಭಯ. ಸೇಂಟ್ ಲಾರೆನ್ಸ್ ಚರ್ಚಿನ ಗೋಪುರ ಸುಮಾರು 41 ಮೀಟರ್ ಎತ್ತರ. ಇದರ ಹಿಂದೆ ಪಾಮರ್ಸ್ ಗಿಲ್ಡ್ ಎಂಬ ಸಂಘವಿತ್ತು. 13ನೇ ಶತಮಾನದಲ್ಲಿ ಊರಿನ ವರ್ತಕರು ಕಟ್ಟಿದ್ದು. ಸದಸ್ಯರು ಹಣ ಕೊಡುತ್ತಿದ್ದರು. ಸತ್ತ ಮೇಲೆ ಅವರ ಆತ್ಮಕ್ಕಾಗಿ ಪಾದ್ರಿಗಳು ಪೂಜೆ ಮಾಡುತ್ತಿದ್ದರು. ಕ್ರಮೇಣ ದೂರದ ಊರುಗಳಿಂದಲೂ ಸಾವಿರಾರು ಜನ ಸೇರಿದರು. ಸಂಘಕ್ಕೆ ಮನೆ, ಅಂಗಡಿಗಳ ಆಸ್ತಿ ಬಂತು. 1550ರ ಆಸುಪಾಸಿನಲ್ಲಿ ಸಂಘ ಮುಚ್ಚಿದಾಗ ಆ ಆಸ್ತಿ ಊರಿನ ಆಡಳಿತದ ಕೈ ಸೇರಿತು. ಶಾಲೆ ನಡೆಸಬೇಕು, ದಿಕ್ಕಿಲ್ಲದ ಮುದುಕರನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ.

ಒಳಗೆ ಹೋದರೆ ಪಾದ್ರಿಗಳು ಕೂರುತ್ತಿದ್ದ ಮರದ ಆಸನಗಳ ಅಡಿಭಾಗ ನೋಡದೆ ಬರಬೇಡಿ. ಅಲ್ಲಿ 28 ಕೆತ್ತನೆಗಳಿವೆ. ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳನ್ನು ದೆವ್ವ ಹೊತ್ತು ನರಕಕ್ಕೆ ಒಯ್ಯುತ್ತಿದೆ, ಅವಳ ಕೈಯಲ್ಲಿ ಇನ್ನೂ ಆ ಪಾತ್ರೆ ಇದೆ. ಸಂತೆ ಊರಿನ ಜನ ಯಾವ ಪಾಪಕ್ಕೆ ಹೆಚ್ಚು ಸಿಟ್ಟಾಗುತ್ತಿದ್ದರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಶ್ರಾಪ್‌ಶೈರ್ ಬಗ್ಗೆ ಪದ್ಯ ಬರೆದ ಇಂಗ್ಲಿಷ್ ಕವಿ ಹೌಸ್‌ಮನ್ ಅವರ ಚಿತಾಭಸ್ಮ ಇರುವುದು ಇದೇ ಚರ್ಚಿನ ಉತ್ತರದ ಗೋಡೆಯ ಬಳಿ.

ಆ ಕಪ್ಪು ಬಿಳುಪಿನ ಮರದ ಮನೆಗಳು ನಿಜವಾಗ್ಲೂ ಹಳೆಯವಾ?

ಬಹುಪಾಲು ನಿಜವಾಗಿ ಹಳೆಯವು. ಎಲ್ಲರೂ ಫೋಟೋ ತೆಗೆಯುವ ಫೆದರ್ಸ್ ಹೋಟೆಲ್ ಅನ್ನು 1619ರಲ್ಲಿ ರೀಸ್ ಜೋನ್ಸ್ ಎಂಬ ವಕೀಲ ತನ್ನ ಮನೆಯಾಗಿ ಕಟ್ಟಿಸಿದ. ಗಡಿನಾಡಿನ ಮಂಡಳಿ ಇಲ್ಲಿ ನ್ಯಾಯಾಲಯವೂ ಆಗಿತ್ತಲ್ಲ, ವಕೀಲರಿಗೆ ಕೈತುಂಬ ಕೆಲಸ. ಬ್ರಾಡ್ ಸ್ಟ್ರೀಟಿನ ಇಟ್ಟಿಗೆ ಮನೆಗಳೂ ಕಾಣುವುದಕ್ಕಿಂತ ಹಳೆಯವು. 18ನೇ ಶತಮಾನದಲ್ಲಿ ಫ್ಯಾಷನ್ ಬದಲಾದಾಗ ಎಷ್ಟೋ ಜನ ಮರದ ಮನೆ ಕೆಡವದೆ ಮುಂದಕ್ಕೆ ಇಟ್ಟಿಗೆಯ ಗೋಡೆ ಏರಿಸಿದರು.

ಕೋಟೆ ಹಾಳಾದ ಮೇಲೆ ಊರು ಬದುಕಿದ್ದು ಹೇಗೆ?

1689ರಲ್ಲಿ ಮಂಡಳಿಯನ್ನು ರದ್ದು ಮಾಡಿದರು. ಕೋಟೆಯ ಛಾವಣಿಗೆ ಹೊದಿಸಿದ್ದ ಸೀಸ ಹೋಯಿತು, ಮರ ಹೋಯಿತು, ಮಳೆ ಒಳಗೆ ಬಂತು. ಕಚೇರಿ ಹೋದ ಊರು ಸೊರಗುವುದು ಸಹಜ. ಆದರೆ ಸಂತೆ ನಿಲ್ಲಲಿಲ್ಲ, ಅದೇ ಊರನ್ನು ಕಾಪಾಡಿದ್ದು. ಮೊದಲಿನ ದುಡಿಮೆ ಉಣ್ಣೆ ಮತ್ತು ಬಟ್ಟೆ. ಟೀಮ್ ನದಿಗೆ ಅಡ್ಡಗಟ್ಟೆ ಹಾಕಿ, ನೇಯ್ದ ಬಟ್ಟೆಯನ್ನು ಕುಟ್ಟಿ ದಪ್ಪ ಮಾಡುವ ಗಿರಣಿ ನಡೆಸುತ್ತಿದ್ದರು. ಆ ಅಡ್ಡಗಟ್ಟೆಗಳು ಈಗಲೂ ಇವೆ. ಆಮೇಲೆ ಚರ್ಮದ ಕೈಗವಸು. 19ನೇ ಶತಮಾನದ ಆರಂಭದಲ್ಲಿ ಅದರಲ್ಲಿ ನೂರಾರು ಜನ ದುಡಿಯುತ್ತಿದ್ದರು, ಹೊಲಿಯುವವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. 1826ರಲ್ಲಿ ಫ್ರೆಂಚ್ ಕೈಗವಸುಗಳ ಮೇಲಿನ ನಿಷೇಧ ತೆಗೆದರು. ಇಲ್ಲಿನ ಕೆಲಸ ಕುಸಿದು ಬಿತ್ತು.

## ಇನ್ನೂ ಆಳಕ್ಕೆ

ನೆಪೋಲಿಯನ್ ತಮ್ಮ ಇಲ್ಲಿ ಸೆರೆಯಲ್ಲಿದ್ದ ಅಂತಾರೆ?

ಹೌದು, ಲೂಸಿಯನ್ ಬೊನಪಾರ್ಟ್. ಅಣ್ಣನ ಜೊತೆ ಜಗಳವಾಡಿ ಅಮೆರಿಕಕ್ಕೆ ಹೊರಟಿದ್ದವನನ್ನು 1810ರಲ್ಲಿ ಬ್ರಿಟಿಷರು ಸಮುದ್ರದಲ್ಲಿ ಹಿಡಿದರು. 1811ರಲ್ಲಿ ಸಂಸಾರ ಸಮೇತ ಕೋಟೆ ಪಕ್ಕದ ಡಿನಮ್ ಹೌಸ್‌ನಲ್ಲಿ ಇಟ್ಟರು. ಆಮೇಲೆ ಅವನು ವೂಸ್ಟರ್‌ಶೈರ್‌ನಲ್ಲಿ ಬೇರೆ ಮನೆ ಮಾಡಿಕೊಂಡು ಹೋದ.

ಭೂವಿಜ್ಞಾನದ ಪುಸ್ತಕದಲ್ಲಿ 'ಲಡ್ಲೋ' ಅಂತ ಓದಿದ್ದೆ. ಇದೇ ಊರಾ?

ಇದೇ ಊರು. 1830ರ ದಶಕದಲ್ಲಿ ಮರ್ಚಿಸನ್ ಎಂಬ ಭೂವಿಜ್ಞಾನಿ ಈ ಗಡಿನಾಡಿನ ಬಂಡೆಗಳನ್ನು ಪದರ ಪದರವಾಗಿ ಓದಿದರು. ಭೂಮಿಯ ಇತಿಹಾಸದಲ್ಲಿ ಸುಮಾರು 42.7 ಕೋಟಿಯಿಂದ 42.3 ಕೋಟಿ ವರ್ಷಗಳ ಹಿಂದಿನ ಕಾಲಕ್ಕೆ ಜಗತ್ತಿನ ಎಲ್ಲ ಕಡೆ ಲಡ್ಲೋ ಎಂದೇ ಹೆಸರು. ಆಗ ಈ ಜಾಗ ಸಮುದ್ರದ ಅಡಿಯಲ್ಲಿ, ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಲಡ್‌ಫರ್ಡ್ ಸೇತುವೆ ದಾಟಿದ ಕೂಡಲೇ ರಸ್ತೆ ಬದಿಯಲ್ಲಿ ಮೀನಿನ ಮೂಳೆ, ಹಲ್ಲುಗಳ ಚೂರು ತುಂಬಿದ ತೆಳು ಪದರವಿದೆ. ನೆಲದ ಮೇಲೆ ಬದುಕಿದ ಅತಿ ಹಳೆಯ ಜೀವಿಗಳ ಪೈಕಿ ಕೆಲವು, ಜೇಡದ ದೂರದ ಬಂಧುಗಳು, ಸಿಕ್ಕಿದ್ದೂ ಅಲ್ಲೇ. ಅದು ಸಂರಕ್ಷಿತ ಜಾಗ. ಕಣ್ಣಿಂದ ನೋಡಿ, ಕಲ್ಲು ಕೀಳಬೇಡಿ.

ಟಿಪ್ಪುವಿಗೂ ಈ ಊರಿಗೂ ಸಂಬಂಧ ಇದೆಯಂತೆ, ನಿಜಾನಾ?

ನಿಜ. ಕನ್ನಡಿಗರು ಈ ಊರಿಗೆ ಬರಬೇಕು ಎಂದು ನಾನು ಹೇಳುವುದಕ್ಕೆ ಇದೇ ದೊಡ್ಡ ಕಾರಣ. ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಶ್ರಾಪ್‌ಶೈರಿನವನು. ಅವನ ಮಗ ಎಡ್ವರ್ಡ್ ಕ್ಲೈವ್ 1774ರಿಂದ 1794ರವರೆಗೆ ಪಾರ್ಲಿಮೆಂಟಿನಲ್ಲಿ ಲಡ್ಲೋದ ಸದಸ್ಯ. 1798ರಲ್ಲಿ ಅವನು ಮದ್ರಾಸಿನ ಗವರ್ನರ್ ಆಗಿ ಹೋದ. ಮರುವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಯುದ್ಧದ ಸೂತ್ರ ಹಿಡಿದಿದ್ದವನು ಗವರ್ನರ್ ಜನರಲ್ ವೆಲ್ಲೆಸ್ಲಿ, ಅವನೇ ಮದ್ರಾಸಿಗೆ ಬಂದು ಕೂತಿದ್ದ. ಆದರೆ ಸೈನ್ಯ ಹೊರಟದ್ದು ಕ್ಲೈವನ ಪ್ರಾಂತದಿಂದ.

ಕ್ಲೈವನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಕಡೆಗೆ ಹೊರಟಳು. ಪ್ರಯಾಣ ತಿಂಗಳುಗಟ್ಟಲೆ ನಡೆಯಿತು. ಜೊತೆಯಲ್ಲಿ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿ. ಟಿಪ್ಪು ಸಿಂಹಾಸನದ ಮೇಲೆ ಕುಳಿತಿರುವ ಒಂದು ಚಿತ್ರ ಬರೆದವಳು ಇವಳೇ, ಟಿಪ್ಪು ತೀರಿಹೋದ ಮೇಲೆ. ಆ ಪ್ರಯಾಣದ ದಿನಚರಿ ಬರೆದ ಕಿರಿ ಮಗಳು ಶಾರ್ಲೆಟ್‌ಗೆ ಆಗ 12 ವರ್ಷ. ದೊಡ್ಡವಳಾದ ಮೇಲೆ ಅವಳು ವಿಕ್ಟೋರಿಯಾ ಇನ್ನೂ ರಾಜಕುಮಾರಿಯಾಗಿದ್ದಾಗ ಅವಳ ಶಿಕ್ಷಣದ ಮೇಲ್ವಿಚಾರಕಿಯಾದಳು.

ಊರಿಗೆ ಮರಳಿದ ಎಡ್ವರ್ಡ್ ಕ್ಲೈವ್ ಪೊವಿಸ್ ಪ್ರಾಂತದ ಅರ್ಲ್ ಎಂಬ ಬಿರುದು ಪಡೆದ. 1811ರಲ್ಲಿ ಪಾಳುಬಿದ್ದ ಲಡ್ಲೋ ಕೋಟೆಯನ್ನು 1,560 ಪೌಂಡಿಗೆ ಕೊಂಡ. ಇವತ್ತಿಗೂ ಕೋಟೆ ಅದೇ ಮನೆತನದ ಎಸ್ಟೇಟಿನ ಕೈಯಲ್ಲಿದೆ. ನೀವು ಟಿಕೆಟ್ ಕೊಂಡು ಒಳಗೆ ಹೋಗುವುದು ಮದ್ರಾಸಿನ ಗವರ್ನರ್ ಕೊಂಡ ಕೋಟೆಗೆ. ಈ ವಿಷಯ ತಿಳಿದು ಒಳಗೆ ಹೋದರೆ ಗೋಡೆಗಳು ಬೇರೆಯಾಗಿಯೇ ಕಾಣುತ್ತವೆ.

ಒಂದು ಎಚ್ಚರಿಕೆ. ಟಿಪ್ಪುವಿನ ವಸ್ತುಗಳು ಲಡ್ಲೋದಲ್ಲಿಲ್ಲ. ಅವನ ಹೂಬಳ್ಳಿಯ ಹತ್ತಿಬಟ್ಟೆಯ ಡೇರೆ, ಸಿಂಹಾಸನದ ಒಂದು ಚಿನ್ನದ ಹುಲಿ ತಲೆ ಇರುವುದು ವೇಲ್ಸ್‌ನ ವೆಲ್ಶ್‌ಪೂಲ್ ಊರಿನ ಪೊವಿಸ್ ಕೋಟೆಯಲ್ಲಿ. ಅದು ಹೆನ್ರಿಯೆಟ್ಟಾಳ ತವರುಮನೆ, ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಲಡ್ಲೋದಿಂದ ಶ್ರೂಸ್‌ಬರಿಗೆ ಹೋಗಿ ರೈಲು ಬದಲಿಸಿದರೆ ವೆಲ್ಶ್‌ಪೂಲ್ ಸಿಗುತ್ತದೆ. ಎರಡು ದಿನ ಇಟ್ಟುಕೊಂಡು ಎರಡನ್ನೂ ನೋಡಿ. ಆ ಡೇರೆಯ ಮುಂದೆ ನಿಂತಾಗ ಹೊಟ್ಟೆಯೊಳಗೆ ಏನೋ ಕಲಕುತ್ತದೆ. ನಮ್ಮ ನೆಲದ ವಸ್ತು ಅಲ್ಲಿಗೆ ಬಂದದ್ದು ಸೂರೆಯಿಂದ, ಅದನ್ನು ಮರೆಯಲು ಆಗುವುದಿಲ್ಲ.

ಸಂತೆ ಚೌಕದ ಹಳೇ ಫೋಟೋದಲ್ಲಿ ಒಂದು ದೊಡ್ಡ ಕಟ್ಟಡ ಇದೆ. ಅದೆಲ್ಲಿ ಹೋಯ್ತು?

ಅದು ಟೌನ್ ಹಾಲ್. 1880ರ ದಶಕದ ಕೊನೆಯಲ್ಲಿ ಕೆಂಪು ಇಟ್ಟಿಗೆಯಲ್ಲಿ ಕಟ್ಟಿದರು, ಒಳಗೇ ಸಂತೆ ನಡೆಯುತ್ತಿತ್ತು. ಕಟ್ಟಡ ಕಲೆಯನ್ನು ಬಲ್ಲವರಿಗೆ ಅದು ಹಿಡಿಸಲಿಲ್ಲ, ಊರಿನ ಅಂದ ಕೆಡಿಸಿತು ಎಂದರು. 1986ರಲ್ಲಿ ಅದನ್ನು ಕೆಡವಿದರು. ಸಂತೆ ಮತ್ತೆ ಬಯಲಿಗೆ ಬಂತು. ಊರಿನಲ್ಲಿ ಸುಮಾರು 500 ಕಟ್ಟಡಗಳು ಸಂರಕ್ಷಣೆಯ ಪಟ್ಟಿಯಲ್ಲಿವೆ. ಅಂಥ ಮನೆಯಲ್ಲಿ ಕಿಟಕಿ ಬದಲಿಸಬೇಕಾದರೂ ಒಪ್ಪಿಗೆ ಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು, ಹೆಚ್ಚಿದ ಮನೆ ಬೆಲೆ, ಕೆಲಸ ಹುಡುಕಿ ಊರು ಬಿಡುವ ಹುಡುಗರು – ಇವೆಲ್ಲ ಇಲ್ಲಿಯ ದಿನನಿತ್ಯದ ಮಾತು. ಚೌಕದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಗಟ್ಟಿ: ಕಟ್ಟಡ ಹೋದದ್ದು ಒಳ್ಳೆಯದಾಯಿತು. ಮಳೆ ಬಂದ ದಿನ ವ್ಯಾಪಾರಿಗಳು ಒಪ್ಪಲಿಕ್ಕಿಲ್ಲ, ಅವರ ಮಾತಿನಲ್ಲೂ ನ್ಯಾಯವಿದೆ.